ಕಾಲು ಮುರಿದ ಅಕ್ಷರ

ಪದಕದ ಅಂಚಿಗೆ ಒತ್ತಿದ ಹೆಸರಿನ ಮೇಲೆ ಭೂತಗನ್ನಡಿ ಸರಿಸುತ್ತಿದ್ದ ಪದಕ ಪರೀಕ್ಷಕ ಡೆನಿಸ್, ‘ಆರ್’ ಅಕ್ಷರದ ಹತ್ತಿರ ಬಂದು ನಿಂತುಬಿಟ್ಟ. ಅದರ ಕಾಲಿನ ತುದಿ ಮುರಿದಿತ್ತು. ಮುರಿದವನು ಅವನೇ. ಏಳು ವರ್ಷದವನಿದ್ದಾಗ ಅಪ್ಪ ಹೆಸರು ಒತ್ತಲು ಬಳಸುತ್ತಿದ್ದ ಆ ಅಕ್ಷರದ ಉಕ್ಕಿನ ಅಚ್ಚನ್ನು ಕಲ್ಲುನೆಲಕ್ಕೆ ಬೀಳಿಸಿ ಕೆನ್ನೆಗೆ ಏಟು ತಿಂದಿದ್ದ. ಪದಕ ಮಾತ್ರ ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ, ಮೊದಲ ಮಹಾಯುದ್ಧದ್ದು. ಅಳೆದು ನೋಡಿದ. ಅಂಚು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ತೆಳುವಾಗಿತ್ತು. ಇನ್ಯಾರದೋ ಹೆಸರನ್ನು ಅರದಿಂದ ಉಜ್ಜಿ ತೆಗೆದು ಈ ಹೆಸರು ಒತ್ತಲಾಗಿತ್ತು.

“ಏನಪ್ಪಾ, ಇಷ್ಟು ಹೊತ್ತು ನೋಡ್ತೀಯ? ನಮ್ಮಪ್ಪನ ಹೆಸರು ಅಷ್ಟೇನು ಉದ್ದ ಇಲ್ವಲ್ಲ!” ಮೇಜಿನಾಚೆ ಕೂತಿದ್ದ ವಿನಿಫ್ರೆಡ್ ಅಜ್ಜಿ ನಕ್ಕಳು. ಆಕೆ ಹುಟ್ಟುವ ಮೊದಲೇ ಅಪ್ಪ ಫ್ಲಾಂಡರ್ಸ್ ರಣಭೂಮಿಯ ಕೆಸರಿನಲ್ಲಿ ಸತ್ತಿದ್ದ. ನಾಳೆ ಪದಕವನ್ನು ಅವನ ರೆಜಿಮೆಂಟಿನ ಮ್ಯೂಸಿಯಮ್ಮಿಗೆ ಕೊಡುವವಳಿದ್ದಳು. ಅಸಲಿ ಎಂದು ಬರೆದ ಕಾಗದಕ್ಕೆ ಡೆನಿಸ್‌ನ ಸಹಿಯೊಂದೇ ಬಾಕಿ.

“ಇದು ಮೊದಲಿಂದ್ಲೂ ನಿಮ್ಮ ಮನೇಲೇ ಇತ್ತಾ, ಅಮ್ಮಾ?”

“ಎಲ್ಲಿ ಬಂತು! ಹೊಟ್ಟೆಗಿಲ್ದೆ ನಮ್ಮಮ್ಮ ಅದನ್ನ ಮಾರಿ, ಇಪ್ಪತ್ತು ವರ್ಷ ಅತ್ತಳು. ಕೊನೆಗೆ ನಿಮ್ಮಪ್ಪ ಊರೆಲ್ಲ ಹುಡುಕಿ ತಂದ್ಕೊಟ್ರು. ಪುಣ್ಯಾತ್ಮ, ಒಂದು ಪೆನ್ನಿ ಕಾಸೂ ಮುಟ್ಟಲಿಲ್ಲ. ಅಮ್ಮ ಅದನ್ನ ಮುಷ್ಟೀಲಿ ಹಿಡ್ಕೊಂಡೇ ಪ್ರಾಣ ಬಿಟ್ಟಳು.”

ಡೆನಿಸ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಅಜ್ಜಿ ಕಾಗದವನ್ನು ಅವನತ್ತ ತಳ್ಳಿದಳು.

“ಬೇರೆ ಯಾರಿಗಾದ್ರೂ ತೋರಿಸಿ ಅಂದ್ರು ಮ್ಯೂಸಿಯಮ್ಮಿನವರು. ಬೈದು ಬಂದೆ. ಹುಡುಕಿ ತಂದ್ಕೊಟ್ಟವರ ಮಗನೇ ಇಲ್ಲಿ ಕೂತಿರುವಾಗ ಬೇರೆಯವರು ಯಾಕಪ್ಪಾ?”