ಹೊರೇಸ್ ಸಾಹೇಬರ ರಣಘೋಷ

"ಮಂಗ್ಯಾನ ಮಗನ!"

ಇಂಗ್ಲೆಂಡಿನ ರಿಚ್‌ಮಂಡ್‌ನ ಆ ರಗ್ಬಿ ಕ್ಲಬ್ಬಿನಲ್ಲಿ ನೆರೆದವರೆಲ್ಲ ಎದ್ದು ನಿಂತು, ಬಿಯರ್ ಗ್ಲಾಸು ಮೇಲೆತ್ತಿ ಒಕ್ಕೊರಲಿನಿಂದ ಕೂಗಿದಾಗ, ವೇದವತಿಗೆ ಬಾಯಲ್ಲಿದ್ದ ಕೇಕು ನೆತ್ತಿಗೇರಿತು. ಧಾರವಾಡದ ಹೆಣ್ಣುಮಗಳು ಆಕೆ. ಹತ್ತಿರದ ಸಟನ್‌ನಲ್ಲಿ ಸಂಸಾರ ಹೂಡಿ ಇಷ್ಟು ವರ್ಷವಾದರೂ ತಮ್ಮೂರ ಬೈಗುಳವನ್ನು ಬಿಳಿಯರ ಬಾಯಲ್ಲಿ ಕೇಳಿರಲಿಲ್ಲ.

"ರೀ, ನನಗ ಕೇಳಿಸಿದ್ದು ನಿಮಗೂ ಕೇಳಿಸ್ತೇನು?"

"ಕೇಳಿಸ್ತು. ಸುಮ್ನಿರು," ಎಂದ ಗಂಡ, ಮೈಸೂರಿನ ಉದಯಶಂಕರ್. ಮಗಳು ಸಿರಿಶಾ ಇಲ್ಲಿನ ಮಹಿಳಾ ತಂಡ ಸೇರಿ ವಾರವಷ್ಟೇ ಆಗಿತ್ತು.

ಕ್ಲಬ್ಬಿನ ಅಧ್ಯಕ್ಷೆ, ಎಂಬತ್ತರ ಮಿಸ್ ಥಾರ್ನ್‌ಬಿ, ಇವರ ಮೇಜಿಗೇ ಬಂದು ಕೂತಳು. ಗೋಡೆಯ ಮೇಲಿನ ಗಿರಿಜಾ ಮೀಸೆಯ ಪಟ ತೋರಿಸಿದಳು. "ನನ್ನ ಮುತ್ತಜ್ಜ ಹೊರೇಸ್. ಹುಟ್ಟಿದ್ದು ಧಾರವಾಡದಲ್ಲಿ, ಕಲೆಕ್ಟರರ ಮಗ. ಸಾಕಿದವಳು ಒಬ್ಬ ಆಯಾ. ಏಳನೇ ವಯಸ್ಸಿಗೆ ಹಡಗು ಹತ್ತಿಸಿ ಇಲ್ಲಿನ ಶಾಲೆಗೆ ದೂಡಿದರು. ಆಗಿನ್ನೂ ರಗ್ಬಿಯಲ್ಲಿ ಒಂದೊಂದು ಕಡೆ ಇಪ್ಪತ್ತು ಜನ ಆಡುತ್ತಿದ್ದ ಕಾಲ. ಇಂಗ್ಲೆಂಡಿನ ಪರ ಎರಡು ಸಲ ಆಡಿದ. ಭುಜ ಮುರಿದ ಮೇಲೆ ಆಟ ಬಿಟ್ಟು ಈ ಕ್ಲಬ್ ಕಟ್ಟಿದ. ಚೆಂಡು ಹಿಡಿದು ಓಡುವಾಗ ಅಡ್ಡ ಬಂದವರಿಗೆಲ್ಲ ಹೀಗೆ ಕೂಗುತ್ತಿದ್ದನಂತೆ. ನಮಗದು ರಣಘೋಷ. ಅರ್ಥ ಮಾತ್ರ ಯಾರಿಗೂ ಗೊತ್ತಿಲ್ಲ. ನಿಮಗೆ?"

ಉದಯಶಂಕರ್ ಗಂಟಲು ಸರಿಮಾಡಿಕೊಂಡ. "ಹನುಮಂತನ ಪುತ್ರ ಅಂತ. ಸಮುದ್ರ ಹಾರಿದ ವೀರ ಅವನು."

"ಅದ್ಭುತ! ಹೊಸ ಸ್ಟ್ಯಾಂಡಿನ ಕಲ್ಲಿನಲ್ಲಿ ಇದನ್ನೇ ಕೆತ್ತಿಸುತ್ತೇನೆ. ಬಿಷಪ್ ಬಂದು ಪರದೆ ಸರಿಸುತ್ತಾರೆ."

ವೇದವತಿಗೆ ತಡೆಯಲಾಗಲಿಲ್ಲ. "ಹನುಮಪ್ಪ ಬ್ರಹ್ಮಚಾರಿ ರೀ! ಮಗ ಎಲ್ಲಿಂದ ಬಂದ?" ಎಂದು ಗಂಡನಿಗೆ ತಿವಿದು, ಮುದುಕಿಯತ್ತ ತಿರುಗಿ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಇದು ಬೈಗುಳ, ಕೋತಿಯ ಮಗ ಅಂತ. ಊಟ ಬಿಟ್ಟು ಮರ ಹತ್ತಿದ ಹುಡುಗನಿಗೆ ಆಯಾ ಬೈದಿರಬೇಕು. "ನಮ್ಮವ್ವನೂ ನಮಗೆ ಹೀಗೇ ಬೈಯುತ್ತಿದ್ದಳು. ಅರ್ಧ ಸಿಟ್ಟು, ಅರ್ಧ ಮುದ್ದು."

ಮಿಸ್ ಥಾರ್ನ್‌ಬಿ ಪಟವನ್ನೇ ನೋಡುತ್ತ ಕೂತಳು. ಮಗಳು ತಂಡದಿಂದ ಹೊರಬಿದ್ದಂತೆಯೇ ಎಂದು ಉದಯಶಂಕರ್ ಕಣ್ಣು ಮುಚ್ಚಿಕೊಂಡ. ಮುದುಕಿಯ ಭುಜ ಕುಲುಕತೊಡಗಿತು. ನಗುವೋ ಅಳುವೋ, ವೇದವತಿಗೆ ತಿಳಿಯಲಿಲ್ಲ.

"ಆ ಶಾಲೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲವಂತೆ," ಎಂದು ಆಕೆ ಕಣ್ಣೊರೆಸಿಕೊಂಡಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದು ದನಿ ತಗ್ಗಿಸಿದಳು. "ಇದಕ್ಕಿಂತ ಖಾರವಾದದ್ದು ಇದೆಯೇ? ಶನಿವಾರದ ಎದುರಾಳಿಗಳು ಮಹಾ ಪೋಕರಿಗಳು."

ವೇದವತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನತ್ತ ನೋಡಿದಳು.

"ನೀವು ಒಂದೀಟು ಹೊರಗ ಹೋಗಿ ನಿಂದರ್ರಿ."