ಮೂಗಿನ ಮೇಸ್ತ್ರಿಯ ನೆಗಡಿ

“ಗೇರ್ ಆಯಿಲ್ ಡಬ್ಬಿ ತಗೊಂಡು ಬಾಮ್ಮಾ,” ಎಂದು ಮೇಸ್ತ್ರಿ ಗಾಡಿಯ ಕೆಳಗಿನ ಗುಂಡಿಯಿಂದಲೇ ಕೂಗಿದರು. ಡಬ್ಬಿಯ ಮೇಲೆ ಕೈಯಿಟ್ಟ ಸೊಸೆ ಅಲ್ಲೇ ನಿಂತಳು.

“ಮಾವ, ಇದಕ್ಕೆ ಗೇರ್ ಆಯಿಲ್ ಅಲ್ಲ ಅನ್ಸುತ್ತೆ.”

ಆ ಗ್ಯಾರೇಜಿನಲ್ಲಿ ಇಂಥ ಮಾತನ್ನು ಈ ತನಕ ಯಾರೂ ಆಡಿರಲಿಲ್ಲ. ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಮೂಗಿನ ಮೇಸ್ತ್ರಿ ಎಂದು. ಇಳಿಸಿದ ಹಳೆಯ ಎಣ್ಣೆಯ ಒಂದು ತೊಟ್ಟನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ, ಕಣ್ಣು ಮುಚ್ಚಿ ಮೂಸಿದರೆಂದರೆ ಅದು ಯಾವ ಎಣ್ಣೆ, ಅದರ ಆಯಸ್ಸು ಎಷ್ಟು, ಎಲ್ಲ ಹೇಳಿಬಿಡುತ್ತಿದ್ದರು. ಮೂಗು ತೀರ್ಪು ಕೊಡುವ ತನಕ ಹೊಸ ಡಬ್ಬಿಯ ಮುಚ್ಚಳ ತೆಗೆಯುವಂತಿರಲಿಲ್ಲ. ಏನು ಇಳಿಯಿತೋ ಅದನ್ನೇ ತುಂಬಬೇಕು. ಮಗನಿಗೆ ಗ್ರೀಸ್ ಕಂಡರಾಗದು, ಅವನು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಾನೆ. ಸ್ಪ್ಯಾನರ್ ಹಿಡಿದವಳು ಮದುವೆಯಾಗಿ ಬಂದ ಸೊಸೆಯೇ. ಮೂರು ವರ್ಷದಲ್ಲಿ ಕೈ ಪಳಗಿದೆ, ಸರಿ. ಹಾಗಂತ ಮೂಗಿಗೇ ಎದುರಾಡುವುದೇ?

ಬೆಟ್ಟದ ಮೇಲಿನ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್ ಸ್ಟೂಲಿನ ಮೇಲೆ ಕೂತು ಕಾಲು ಕುಣಿಸುತ್ತಿದ್ದ. ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಗಾಡಿ ಅವನದು. ಆ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್, ಮೊದಲು ಸಣ್ಣಗೆ, ಈ ಒಂದು ತಿಂಗಳಿಂದ ಜೋರಾಗಿ ಮುನಿಸಿಕೊಂಡಿತ್ತು. ತಿರುವಿನಲ್ಲೆಲ್ಲ ಗಡಗಡ ನಡುಕ, ಹಿಂದೆಯೇ ಒಂದು ಜಗ್ಗು. ಮೊನ್ನೆ ಹೆರಿಗೆ ನೋವಿನ ಹೆಂಗಸೊಬ್ಬಳು ಆ ಜಗ್ಗಿಗೆ ಸ್ಟ್ರೆಚರಿನಿಂದ ಉರುಳುವುದೊಂದು ಬಾಕಿ ಇತ್ತು.

“ಮೇಸ್ತ್ರಿ ಮೂಗಿಗಿಂತ ಇನ್ನೇನು ಸಾಕ್ಷಿ ಬೇಕಮ್ಮಾ ನಿಂಗೆ?” ಎಂದು ಡ್ರೈವರ್ ನಕ್ಕ.

“ಮೂಗು ಸುಳ್ಳು ಹೇಳ್ತಿಲ್ಲ ಅಣ್ಣ. ಇಳಿದಿರೋದು ಗೇರ್ ಆಯಿಲ್ಲೇ. ಆದ್ರೆ ಒಳಗೆ ಏನಿತ್ತು ಅಂತ ತಾನೆ ಮೂಗಿಗೆ ಗೊತ್ತಾಗೋದು? ಏನಿರಬೇಕಿತ್ತು ಅಂತ ಹೇಗೆ ಗೊತ್ತಾಗುತ್ತೆ?”

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಗಿರಾಕಿಯ ಎದುರಿಗೇ! ಅಷ್ಟರಲ್ಲಿ ಅವಳು ಗುಂಡಿಗಿಳಿದು, ಸೀಮೆಎಣ್ಣೆ ಬಟ್ಟೆಯಿಂದ ಪೆಟ್ಟಿಗೆಯ ಕೆಸರನ್ನು ಒರೆಸಿದ್ದಳು. ಹೆಬ್ಬೆರಳಗಲದ ಒಂದು ತಗಡು ಕಾಣಿಸಿತು. ಅದರ ಮೇಲಿನ ನಂಬರನ್ನು ಗಾಡಿಯ ಜತೆ ಬಂದ ಪುಸ್ತಕದಲ್ಲಿ ಹುಡುಕಿದಳು. ಕೊಂಡ ದಿನದಿಂದ ಪ್ಲಾಸ್ಟಿಕ್ ಕವರಿನಲ್ಲೇ ನಿದ್ದೆ ಹೊಡೆಯುತ್ತಿದ್ದ ಪುಸ್ತಕ ಅದು. ಸಿಕ್ಕ ಸಾಲಿನ ಮೇಲೆ ಬೆರಳಿಟ್ಟು ಮಾವನ ಮುಂದೆ ಹಿಡಿದಳು. ಆಟೋಮ್ಯಾಟಿಕ್ ಗೇರಿನ ಗಾಡಿಗಳಿಗೆ ಹಾಕುವ ತೆಳುವಾದ ಕೆಂಪು ಎಣ್ಣೆಯನ್ನೇ ಹಾಕತಕ್ಕದ್ದು ಎಂದಿತ್ತು.

“ಆಸ್ಪತ್ರೆಯ ಹಳೇ ಗಾಡಿ ಪೆಟ್ಟಿಗೇಲಿ ಬರೀ ಹಲ್ಲು ಚಕ್ರ ಇತ್ತು ಮಾವ. ಇದರಲ್ಲಿ ಕ್ಲಚ್ ಪ್ಲೇಟೂ ಇದಾವೆ. ಮಂದ ಎಣ್ಣೆ ಹಾಕಿದ್ರೆ ಒಂದಕ್ಕೊಂದು ಅಂಟಿ, ಬಿಟ್ಟು, ಮತ್ತೆ ಅಂಟಿ ಒದ್ದಾಡ್ತಾವೆ. ಹೊರಗೆ ನೋಡಿದ್ರೆ ಎರಡೂ ಗಾಡಿ ಅವಳಿ ಜವಳಿ, ಹೊಟ್ಟೆ ಮಾತ್ರ ಬೇರೆ. ಇಳಿದ ಎಣ್ಣೇಲಿ ಸುಟ್ಟ ವಾಸನೆ ಏನಾದ್ರೂ ಬಂತಾ?”

“ಇಲ್ಲ,” ಎಂದರು ಮೇಸ್ತ್ರಿ.

“ಹಾಗಾದ್ರೆ ಪ್ಲೇಟ್ ಉಳ್ಕೊಂಡಿವೆ.”

ಕೆಂಪು ಎಣ್ಣೆ ತುಂಬಿ, ಗಾಡಿ ಓಡಿಸಿ, ಇಳಿಸಿದರು. ಹಾಗೆ ಎರಡು ಸಲ ತೊಳೆದು ಮೂರನೆಯ ಸಲ ತುಂಬಿದರು. ಡ್ರೈವರ್ ಎದುರಿನ ಮಣ್ಣಿನ ಮೈದಾನದಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಸುತ್ತು ಹೊಡೆದ. ನಡುಕವಿಲ್ಲ, ಜಗ್ಗಿಲ್ಲ. ಗಾಡಿ ಹೇಳಿದ ಮಾತು ಕೇಳುವ ಮಗುವಿನ ಹಾಗೆ ತಿರುಗಿತು. ಮೇಸ್ತ್ರಿ ಸೊಸೆಯ ಕಡೆ ನೋಡಿದರು. ಅವಳು ಗಾಡಿಯನ್ನಲ್ಲ, ಅದರ ಸದ್ದನ್ನು ನೋಡುತ್ತಿದ್ದಳು, ಕತ್ತು ಓರೆ ಮಾಡಿಕೊಂಡು. ಮೇಸ್ತ್ರಿಗೆ ಎದೆ ತುಂಬಿ ಬಂತು.

“ಯಾವ ಪುಣ್ಯಾತ್ಮ ಹಾಕಿದ್ದು ಆ ಹಾಳು ಎಣ್ಣೇನ?” ಗಾಡಿಯಿಂದ ಇಳಿಯುತ್ತಲೇ ಡ್ರೈವರ್ ರೇಗಿದ. ಅವನು ಕೆಲಸಕ್ಕೆ ಸೇರಿ ಆರೇ ತಿಂಗಳು, ಹಿಂದಿನ ಕಥೆ ಗೊತ್ತಿಲ್ಲ. “ಯಾರ ಕೈಚಳಕ ಇದು ಅಂತ ತಿಳ್ಕೊಂಡು ಬಾ, ಇನ್ನು ಆ ಗ್ಯಾರೇಜಿಗೆ ಕಾಲಿಡಬೇಡ ಅಂದಿದಾರೆ ನಮ್ ದೊಡ್ಡ ಡಾಕ್ಟ್ರು.”

“ದಾರೀಲಿ ಎಲ್ಲೋ ಯಾರೋ ಹಾಕಿರಬೇಕು ಬಿಡಿ ಅಣ್ಣ,” ಎಂದಳು ಸೊಸೆ, ಕೈ ಒರೆಸುತ್ತ, ಮುಖ ಎತ್ತದೆ.

ಅವಳಿಗೆ ಗೊತ್ತಿತ್ತು. ಹೋದ ವರ್ಷ ಇದೇ ಗುಂಡಿಯಲ್ಲಿ ಮೇಸ್ತ್ರಿ ಸೀನಿ ಸೀನಿ ಸುಸ್ತಾಗಿದ್ದಾಗ ಬಿಸಿನೀರು ತಂದುಕೊಟ್ಟವಳೇ ಅವಳು. ಆವತ್ತು ನೆಗಡಿಗೆ ಮೂಗು ಅಂಗಡಿ ಮುಚ್ಚಿತ್ತು. ಹಳೆಯ ಗಾಡಿಯ ನೆನಪಿನ ಮೇಲೆ ಅವರು ಈ ಗಾಡಿಗೆ ಗೇರ್ ಆಯಿಲ್ ಸುರಿದಿದ್ದರು. ಈಗ ಅವರು ಸುಮ್ಮನಿದ್ದರೆ ಸಾಕು, ನಲವತ್ತು ವರ್ಷದ ಹೆಸರೂ ಉಳಿಯುತ್ತದೆ, ಆಸ್ಪತ್ರೆಯ ಗಾಡಿಯೂ ಉಳಿಯುತ್ತದೆ.

“ಆ ಪುಣ್ಯಾತ್ಮ ನಾನೇ ಕಣಪ್ಪಾ,” ಎಂದರು ಮೇಸ್ತ್ರಿ.

ಡ್ರೈವರ್ ಬಾಯಿ ಬಿಟ್ಟುಕೊಂಡು ನಿಂತ. “ಡಾಕ್ಟ್ರಿಗೆ ಏನಂತ ಹೇಳಲಿ ಮೇಸ್ತ್ರೇ?”

“ಇದ್ದದ್ದು ಇದ್ದ ಹಾಗೆ ಹೇಳು.”

ಗಾಡಿ ರಸ್ತೆಯ ತಿರುವು ದಾಟಿತು. ಆಮೇಲೆ ಸೊಸೆಗೆ ತಡೆಯಲಾಗಲಿಲ್ಲ. “ಯಾಕ್ ಮಾವ ಒಪ್ಕೊಂಡ್ರಿ? ನಾನು ಮುಚ್ಚಿ ಹಾಕಿದ್ನಲ್ಲ!”

“ಅಲ್ಲಮ್ಮಾ,” ಎಂದರು ಮೇಸ್ತ್ರಿ, “ನಲವತ್ತು ವರ್ಷದಲ್ಲಿ ನನ್ ತಪ್ಪು ಹಿಡಿದೋರು ಒಬ್ರೂ ಇರಲಿಲ್ಲ. ಹಿಡಿದೋಳು ನನ್ ಸೊಸೆ ಅಂತ ಊರೆಲ್ಲ ಹೇಳ್ಕೊಂಡು ಬರೋಣ ಅಂತಿದೀನಿ. ತಪ್ಪನ್ನೇ ನೀನು ಮುಚ್ಚಿ ಹಾಕಿಬಿಟ್ರೆ ನಾನು ಜಂಬ ಕೊಚ್ಚೋದು ಹೇಗೆ?”