ಅಕ್ಷರ ಹೇಳು ಚಿಕ್ಕವ್ವ

ಹನ್ನೊಂದು ಗಂಟೆಯ ಸಂದರ್ಶನಕ್ಕೆ ಇನ್ನು ಇಪ್ಪತ್ತೇ ನಿಮಿಷ ಇರುವಾಗ ಶಿವರಾಜುವಿನ ಕಂಪ್ಯೂಟರ್ ಮಾತಾಡಲಿಲ್ಲ. ಒಳಗೆ ಫ್ಯಾನು ತಿರುಗುವ ಸದ್ದು ಬಂತು, ಆಮೇಲೆ ಏನೂ ಇಲ್ಲ. ಹುಟ್ಟಿನಿಂದ ಕಣ್ಣಿಲ್ಲದ ಅವನಿಗೆ ಪರದೆಯ ಮೇಲಿನದನ್ನೆಲ್ಲ ಆ ಲಿನಕ್ಸ್ ಕಂಪ್ಯೂಟರೇ ಓದಿ ಹೇಳಬೇಕು. ಹಾಸನದ ಅಂಧ ಮಕ್ಕಳ ಶಾಲೆಯೊಂದಕ್ಕೆ ಕಂಪ್ಯೂಟರ್ ಮೇಷ್ಟ್ರು ಬೇಕಾಗಿದ್ದರು. ಶಾಂತಿಗ್ರಾಮದ ಮನೆಯಿಂದಲೇ, ಆನ್‌ಲೈನ್‌ನಲ್ಲಿ, ಅವನು ಈ ಯಂತ್ರದ ಮೇಲೆ ಪಾಠ ಮಾಡಿ ತೋರಿಸಬೇಕಿತ್ತು.

ಮೊಬೈಲ್ ಹಿಡಿದು ಪರದೆಯನ್ನು ಓದಿಸಲು ನೋಡಿದ. ಅದು ಅರ್ಧಂಬರ್ಧ ತೊದಲಿತು. "ಚಿಕ್ಕವ್ವ, ಬಿರ್ನೆ ಬಾ ಇಲ್ಲಿ."

ಚಿಕ್ಕವ್ವ ಮುದ್ದಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ಕರ್ರಗೈತೆ ಕಣ್ಲಾ. ಬಿಳೀ ಅಕ್ಸರ ತುಂಬ್ಕಂಡವೆ. ಎಲ್ಲಾ ಇಂಗ್ಲೀಸು. ಏಳ್ನೇ ಕ್ಲಾಸಿಗೇ ಬುಟ್ಟೋಳ್ಗೆ ಇದೆಲ್ಲಿ ಅರ್ತ ಆಯ್ತದೆ?"

"ಅರ್ತ ನಾನ್ ಮಾಡ್ಕತೀನಿ. ನೀನು ಒಂದೊಂದೇ ಅಕ್ಸರ ಹೇಳು, ಸಾಕು."

ಅವಳು ಗಾಜಿಗೆ ಬೆರಳು ಒತ್ತಿದಳು. "ಆರ್... ಯು... ಎನ್. ಆಮ್ಯಾಕೆ ಎಫ್, ಎಸ್, ಸಿ, ಕೆ."

ಶಿವರಾಜು ನೆಟ್ಟಗೆ ಕೂತ. ಆ ನಾಲ್ಕಕ್ಷರ ಡಿಸ್ಕನ್ನು ತಪಾಸಣೆ ಮಾಡಿ ರಿಪೇರಿ ಮಾಡುವ ಆಜ್ಞೆ. ನಿನ್ನೆ ಕರೆಂಟು ಇದ್ದಕ್ಕಿದ್ದಂತೆ ಹೋದಾಗ ಡಿಸ್ಕಿನಲ್ಲಿ ಬರೆದದ್ದು ಕಲಸಿಹೋಗಿದೆ. ನೀನೇ ಸರಿಮಾಡು ಎಂದು ಯಂತ್ರ ಕೇಳುತ್ತಿದೆ. "ಸಿಕ್ತು ಚಿಕ್ಕವ್ವ. ಯಾವ ಭಾಗ ಕೆಟ್ಟೈತೆ ಅಂತ ಬೇಕು. ಡಿ ಇ ವಿ ಅಂತ ಎಲ್ಲಾದ್ರೂ ಐತಾ ನೋಡು."

"ಐತೆ ಐತೆ. ಓರೆ ಗೀಟು, ಡಿ ಇ ವಿ, ಇನ್ನೊಂದು ಓರೆ ಗೀಟು, ಎಸ್ ಡಿ ಎ, ಪಕ್ಕದಾಗೆ ಎರಡರ ಅಂಕಿ."

ಆ ಆಜ್ಞೆಯನ್ನು ಬರೆಯುತ್ತ ಅವನ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಎಂಟರ್ ಒತ್ತುವ ಮೊದಲು ಅವಳು ಅವನ ಕೈ ಹಿಡಿದಳು. "ತಡಿಲಾ. ಎಫ್ ಆದ್ಮೇಲೆ ಎರಡು ಎಸ್ ಬಿದ್ದವೆ. ಒಂದು ತಗಿ."

ತೆಗೆದ. ಒತ್ತಿದ.

"ಸಾಲು ಓಡ್ತಾವೆ ಕಣ್ಲಾ, ಹೊಳೆ ನೀರಂಗೆ ಓಡ್ತಾವೆ..." ಅವಳ ಉಗುರು ಅವನ ಭುಜಕ್ಕೆ ನಾಟುತ್ತಿತ್ತು. "ನಿಂತ್ವು."

ರಿಪೇರಿಯಿಂದ ಹೊರಬಂದು ಯಂತ್ರ ಮುಂದೆ ಶುರುವಾಗುವ ಆಜ್ಞೆಯನ್ನು ಅವನು ಒಂದೊಂದೇ ಅಕ್ಷರ ಹುಷಾರಾಗಿ ಒತ್ತಿದ. ಸ್ಪೀಕರ್ ಒಮ್ಮೆ ಕರಕರ ಎಂದಿತು. ಮರುಕ್ಷಣ ಆ ಒರಟು ಯಂತ್ರದ ದನಿ ಅವನ ಹೆಸರು ಹೇಳಿ ಪಾಸ್‌ವರ್ಡ್ ಕೇಳಿತು. ಮುದ್ದಮ್ಮ ಅವನ ತಲೆಯನ್ನು ಎದೆಗೊತ್ತಿಕೊಂಡು ನಕ್ಕಳು. ಶಿವರಾಜು ನಗುತ್ತಲೇ ಪಾಸ್‌ವರ್ಡ್ ಎರಡು ಸಲ ತಪ್ಪು ಹೊಡೆದ.

ಹನ್ನೊಂದಕ್ಕೆ ಸರಿಯಾಗಿ ಸಂದರ್ಶನ ಶುರುವಾಯಿತು. ಪಾಠ ಚೆನ್ನಾಗಿಯೇ ಆಯಿತು. ಕೊನೆಗೆ ಆ ಕಡೆಯವರು ಕೇಳಿದರು: "ಎಲ್ಲಾ ಸರಿ. ಕಂಪ್ಯೂಟರೇ ಕೆಟ್ಟು ನಿಂತರೆ ನೀವು ಯಾರನ್ನ ಕರೀತೀರಿ?"

ಶಿವರಾಜು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಯಾರ್ನೂ ಕರೆಯಾಕಿಲ್ಲ ಸಾ. ನಾವೇ ಮಾಡ್ಕತೀವಿ."